ನಿಂತೊಡನೆ ಮೌನ ತಾಳುವ ಎಂಜಿನು

ಮೋಟಾರು ಕಾರುಗಳ ಮೊದಲ ದಿನಗಳಲ್ಲಿ ಎಂಜಿನನ್ನು ಚಾಲೂ ಮಾಡುವುದು ತೋಳ್ಬಲದ ಕೆಲಸವಾಗಿದ್ದಿತು. ಮುಂಭಾಗದಲ್ಲಿ ಹಿಡಿಯೊಂದನ್ನು ಸಿಕ್ಕಿಸಿ ತಿರುವಬೇಕು. ಅದು ಹಿಂದಕ್ಕೆ ಬಡಿದು ಕೈ ಮುರಿಯುತ್ತಿದ್ದುದೂ ಉಂಟು. ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಈ ಕಷ್ಟವು ಕ್ರಮೇಣ ನೀಗಿತು. ಈಗಲಾದರೋ ಅನೇಕ ಕಾರುಗಳು ಕೆಂಪು ದೀಪದ ಮುಂದೆ ತಾವಾಗಿಯೇ ಎಂಜಿನನ್ನು ನಿಲ್ಲಿಸಿ, ಹೊರಡುವಾಗ ತಾವಾಗಿಯೇ ಚಾಲೂ ಮಾಡಿಕೊಳ್ಳುತ್ತವೆ. ಹೊಸದಾಗಿ ಕಾರು ಕೊಂಡ ಗೃಹಸ್ಥರು ಇದನ್ನು ಕಂಡು, ಯಂತ್ರವು ಕೆಟ್ಟಿತೋ ಎಂದು ಗಾಬರಿಗೊಳ್ಳುವುದು ಸಹಜವೇ ಸರಿ. ಆದುದರಿಂದ ಇದರ ಮರ್ಮವನ್ನು ತಿಳಿದಿರುವುದು ಲೇಸು.

ಕಾರು ನಿಂತಿದ್ದರೂ ಎಂಜಿನು ತಿರುಗುತ್ತಿರುವವರೆಗೆ ಇಂಧನವು ವ್ಯರ್ಥವಾಗಿ ಉರಿಯುತ್ತಲೇ ಇರುವುದು. ಮತ್ತೆ ಚಾಲೂ ಮಾಡುವುದಕ್ಕೆ ಅದಕ್ಕಿಂತ ಹೆಚ್ಚು ಪೆಟ್ರೋಲು ಬೇಕೆಂದು ನಂಬಿದವರು ಹಲವರುಂಟಷ್ಟೆ. ಇಂದಿನ ಎಂಜಿನುಗಳಿಗೆ ಈ ಮಾತು ಸಲ್ಲದು. 10 ಸೆಕೆಂಡುಗಳಿಗಿಂತ ಹೆಚ್ಚು ಕಾಲ ನಿಲ್ಲಬೇಕಾದಲ್ಲಿ, ಬಿಸಿಯಾಗಿರುವ ಎಂಜಿನನ್ನು ನಿಲ್ಲಿಸುವುದರಿಂದಲೇ ಉಳಿತಾಯವೆಂದು ಅಮೆರಿಕದ ಇಂಧನ ಇಲಾಖೆಯು ತಿಳಿಸುತ್ತದೆ. ಈ ಯೋಚನೆಯೂ ಹೊಸದಲ್ಲ. ಜಪಾನಿನ ಟೊಯೋಟಾ ಕಂಪೆನಿಯು 1970ರ ದಶಕದಲ್ಲಿಯೇ ತನ್ನ ಕ್ರೌನ್ ಕಾರಿನಲ್ಲಿ ಇಂತಹ ಏರ್ಪಾಡನ್ನು ಅಳವಡಿಸಿದ್ದಿತು.

ಎಂಜಿನನ್ನು ನಿಲ್ಲಿಸುವ ಮೊದಲು ಕಾರಿನೊಳಗಿನ ಪುಟ್ಟ ಗಣಕವು ಹಲವು ಸಂಗತಿಗಳನ್ನು ಪರೀಕ್ಷಿಸುವುದು. ಎಂಜಿನು ತಕ್ಕಷ್ಟು ಬಿಸಿಯಾಗಿದೆಯೆ? ಬ್ಯಾಟರಿಯಲ್ಲಿ ಸಾಕಷ್ಟು ವಿದ್ಯುತ್ತು ಇದೆಯೆ? ಒಳಗಿನ ತಂಪಿಗೆ ಕೊರತೆಯಾಗದೆ? ಇವುಗಳಲ್ಲಿ ಒಂದು ತಪ್ಪಿದರೂ ಎಂಜಿನು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೈಯಿಂದ ಗೇರು ಹಾಕುವ ಕಾರಿನಲ್ಲಿ ಗೇರನ್ನು ತೆಗೆದು ಕ್ಲಚ್ಚನ್ನು ಬಿಟ್ಟರೆ ಎಂಜಿನು ನಿಲ್ಲುವುದು, ಮತ್ತೆ ಕ್ಲಚ್ಚನ್ನು ತುಳಿದರೆ ಏಳುವುದು. ತಾನಾಗಿ ಗೇರು ಬದಲಿಸುವ ಕಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೆ ಸಾಕು.

ದಿನಕ್ಕೆ ಹತ್ತಾರು ಬಾರಿ ನಿಂತು ಏಳುವುದರಿಂದ ಯಂತ್ರವು ಬೇಗ ಸವೆಯದೆ ಎಂಬ ಶಂಕೆ ಹುಟ್ಟಬಹುದು. ಇದಕ್ಕಾಗಿಯೇ ಇಂತಹ ಕಾರುಗಳಲ್ಲಿ ಹೆಚ್ಚು ಗಟ್ಟಿಯಾದ ಸ್ಟಾರ್ಟರನ್ನು ಇಟ್ಟಿರುತ್ತಾರೆ. ಬ್ಯಾಟರಿಯೂ ಬೇರೆ ಬಗೆಯದು: ಇ.ಎಫ್.ಬಿ. ಅಥವಾ ಎ.ಜಿ.ಎಂ. ಎಂಬ ಜಾತಿಯದು. ಎಂಜಿನು ನಿಂತಿರುವಾಗ ದೀಪ, ಫ್ಯಾನು ಮೊದಲಾದುವುಗಳ ಭಾರವನ್ನೆಲ್ಲ ಹೊರುವುದು ಇದೇ. ಬೆಲೆ ಕಡಮೆಯೆಂದು ಇದರ ಸ್ಥಾನದಲ್ಲಿ ಸಾಧಾರಣ ಬ್ಯಾಟರಿಯನ್ನು ಕೂರಿಸಿದರೆ ಅದು ಅಲ್ಪಕಾಲದಲ್ಲಿಯೇ ಸೋಲುವುದು. ಪೆಟ್ರೋಲಿನಲ್ಲಿ ಉಳಿಸಿದ ಹಣವು ಬ್ಯಾಟರಿಯ ಅಂಗಡಿಗೆ ಸಂದಾಯವಾಗುವುದು.

ಹಣಕ್ಕಿಂತ ಮಿಗಿಲಾದ ಎಚ್ಚರವೊಂದುಂಟು. ಸದ್ದಿಲ್ಲದ ಕಾರು ಆರಿಹೋದ ಕಾರಲ್ಲ. ಎಂಜಿನು ಮೌನವಾಗಿದೆಯೆಂದು ಮರೆತು ಇಳಿದುಹೋಗುವುದಾಗಲಿ, ಮಕ್ಕಳನ್ನು ಒಳಗೆ ಬಿಟ್ಟು ಬರುವುದಾಗಲಿ, ಮುಚ್ಚಳವನ್ನು ತೆರೆದು ಕೈಹಾಕುವುದಾಗಲಿ ಕೂಡದು. ಬ್ಯಾಟರಿ ಕುಗ್ಗಿದರೆ ಕೆಲವು ಕಾರುಗಳ ಎಂಜಿನು ಕರೆಯದೆಯೇ ಏಳಬಹುದು. ಕೈಬ್ರೇಕನ್ನು ಎಳೆದು, ಕೀಲಿಯಿಂದಲೋ ಗುಂಡಿಯಿಂದಲೋ ಕಾರನ್ನು ಪೂರ್ಣವಾಗಿ ಆರಿಸಿದ ಮೇಲೆಯೇ ಇಳಿಯುವ ಅಭ್ಯಾಸವನ್ನು ಮನೆಯ ಎಲ್ಲ ಚಾಲಕರೂ ರೂಢಿಸಿಕೊಳ್ಳತಕ್ಕದ್ದು.