ಅಡಮಾನದ ಸಾಲವನ್ನು ತೀರಿಸಿ ಜಮೀನನ್ನು ಬಿಡಿಸಿಕೊಳ್ಳುವ ಕ್ರಮ

ಜಮೀನನ್ನು ಅಡಮಾನವಿಟ್ಟು ಸಾಲ ತೆಗೆದ ರೈತನು ಹಣ ಸಲ್ಲಿಸಿದ ಮಾತ್ರಕ್ಕೆ ಋಣವು ಹರಿಯಿತೆಂದು ನಂಬಿ ಸುಮ್ಮನಿರುವುದುಂಟು. ಕೆಲವು ವರ್ಷಗಳ ತರುವಾಯ ಸಾಹುಕಾರನಾಗಲಿ ಅವನ ಮಕ್ಕಳಾಗಲಿ ಹಳೆಯ ಪತ್ರವನ್ನು ಹಿಡಿದು ದಾವಾ ಹೂಡಿದರೆ, ಹಣ ಸಂದಿತೆಂದು ರುಜುಪಡಿಸುವ ಭಾರವು ರೈತನ ಮೇಲೆಯೇ ಬೀಳುವುದು. ರಸೀತಿಯಿಲ್ಲದವನ ಪಾಲಿಗೆ 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆಯೇ ನಿಜವಾಗುವುದು. ಆದಕಾರಣ ಸಾಲವನ್ನು ತೀರಿಸುವುದು ಎಷ್ಟು ಮುಖ್ಯವೋ, ತೀರಿತೆಂಬುದಕ್ಕೆ ದಾಖಲೆಯನ್ನು ಪಡೆಯುವುದೂ ಅಷ್ಟೇ ಮುಖ್ಯ.

ಬಡ್ಡಿಯ ಲೆಕ್ಕ

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಒಬ್ಬ ರೈತನು ವರ್ಷಕ್ಕೆ ನೂರಕ್ಕೆ 12ರಂತೆ 500 ರೂಪಾಯಿ ಸಾಲ ತೆಗೆದನೆನ್ನೋಣ. ಎರಡು ವರ್ಷದ ಕೊನೆಗೆ ಬಡ್ಡಿ 120 ರೂಪಾಯಿ. ಆಗ ಅವನು 420 ರೂಪಾಯಿ ಕೊಟ್ಟರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮೊದಲು ಬಡ್ಡಿಗೆ 120, ಉಳಿದ 300 ಅಸಲಿಗೆ ಜಮೆಯಾಗತಕ್ಕದ್ದು. ನಿಂತ ಅಸಲು 200. ಮೂರನೆಯ ವರ್ಷದ ಬಡ್ಡಿ 24. ಒಟ್ಟು ಬಾಕಿ 224 ರೂಪಾಯಿ. ಆ 420 ರೂಪಾಯಿಗೆ ರಸೀತಿಯಿಲ್ಲದಿದ್ದರೆ, ಪತ್ರದ ಪ್ರಕಾರ ಬಾಕಿಯು 680 ರೂಪಾಯಿಯಾಗಿ ಕಾಣುವುದು. ಒಂದು ತುಂಡು ಕಾಗದದ ಬೆಲೆ ಇಲ್ಲಿ 456 ರೂಪಾಯಿ. ಚಕ್ರಬಡ್ಡಿಯ ಕರಾರು ಪತ್ರದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ರುಜು ಹಾಕುವ ಮುಂಚೆಯೇ ಓದಿಸಿ ತಿಳಿಯತಕ್ಕದ್ದು.

ಸಾಹುಕಾರನು ಹಣವನ್ನು ಒಪ್ಪದಿದ್ದರೆ

ವಾಯಿದೆ ತೀರಿದ ಮೇಲೆ ರೈತನು ಪೂರಾ ಬಾಕಿಯನ್ನು ಕೊಡಬಂದರೂ ಸಾಹುಕಾರನು ಹೆಚ್ಚಿಗೆ ಕೇಳಿ ನಿರಾಕರಿಸಬಹುದು. ಅಂತಹ ಸಂದರ್ಭಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 83ನೆಯ ಪ್ರಕರಣವು ದಾರಿ ತೋರಿಸಿದೆ. ಬಿಡುಗಡೆಯ ದಾವಾ ನಡೆಯತಕ್ಕ ನ್ಯಾಯಾಲಯದಲ್ಲಿಯೇ ರೈತನು ಆ ಹಣವನ್ನು ಠೇವಣಿ ಇಡಬಹುದು. ನ್ಯಾಯಾಲಯವು ಸಾಹುಕಾರನಿಗೆ ನೋಟೀಸು ಕಳುಹಿಸುವುದು. ಸಾಹುಕಾರನು ಹಣವನ್ನು ಪಡೆಯುವುದಕ್ಕೆ ಬೇಕಾದುದನ್ನೆಲ್ಲಾ ರೈತನು ನೆರವೇರಿಸಿ ನೋಟೀಸು ಜಾರಿಯಾದ ಮೇಲೆ, 84ನೆಯ ಪ್ರಕರಣದಂತೆ ಬಡ್ಡಿಯು ನಿಲ್ಲುವುದು. ಆದರೆ ಠೇವಣಿಯು ಬಾಕಿಗಿಂತ ಕಡಮೆಯಾಗಿದ್ದರೆ ಈ ಪ್ರಯೋಜನವು ದೊರೆಯಲಾರದು. ಲೆಕ್ಕವು ಸರಿಯಾಗಿರಬೇಕೆಂಬುದು ಈ ಕಾರಣದಿಂದಲೇ.

ಭೋಗ್ಯದ ಜಮೀನು

ಸಾಹುಕಾರನೇ ಜಮೀನನ್ನು ಅನುಭವಿಸುತ್ತಿದ್ದರೆ, ವಿರುದ್ಧವಾದ ಕರಾರಿಲ್ಲದ ಪಕ್ಷದಲ್ಲಿ, ಅವನು ಜಮೀನಿನ ವರಮಾನದಿಂದ ಸರ್ಕಾರದ ಕಂದಾಯವನ್ನು ಸಲ್ಲಿಸಬೇಕು. ಉತ್ಪತ್ತಿ ಖರ್ಚುಗಳ ಲೆಕ್ಕವಿಟ್ಟು, ಮಿಕ್ಕುದನ್ನು ಮೊದಲು ಬಡ್ಡಿಗೆ, ಅನಂತರ ಅಸಲಿಗೆ ಹಿಡಿಯಬೇಕು. ಬಡ್ಡಿಗೆ ಬದಲಾಗಿ ಫಸಲೆಂದು ಪತ್ರದಲ್ಲಿ ಬರೆದಿದ್ದರೆ ಈ ಲೆಕ್ಕವನ್ನು ಕೇಳುವಂತಿಲ್ಲ. ಅಡಮಾನದ ಜಮೀನನ್ನು ಬಿಡಿಸಿಕೊಳ್ಳುವ ದಾವಾಕ್ಕೆ 1908ರ ಕಾಲಮಿತಿ ಕಾಯಿದೆಯಲ್ಲಿ 60 ವರ್ಷವಿದ್ದುದು 1963ರ ಕಾಯಿದೆಯಲ್ಲಿ 30 ವರ್ಷವಾಯಿತು. ಭೋಗ್ಯದಲ್ಲಿ ಮಾತ್ರ, ಪತ್ರದ ತಾರೀಖಿನಿಂದ 30 ವರ್ಷ ಕಳೆದ ಮಾತ್ರಕ್ಕೆ ಬಿಡುಗಡೆಯ ಹಕ್ಕು ನಷ್ಟವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಮಾನಿಸಿತು. ಆದರೂ ಕಾಲ ಕಳೆದಂತೆಲ್ಲಾ ಸಾಕ್ಷಿಗಳು ತೀರಿಹೋಗುವರು, ಕಾಗದಗಳು ಹುಳು ತಿನ್ನುವುವು. ವಿಳಂಬದಿಂದ ಲಾಭವಿಲ್ಲ.

ಹಣ ಸಂದ ದಿನ ಮಾಡತಕ್ಕ ಕೆಲಸಗಳು

1. ಭಾಗಶಃ ಸಲ್ಲಿಸಿದ ಪ್ರತಿಯೊಂದು ಹಣಕ್ಕೂ ತಾರೀಖು ಸಹಿತ ರಸೀತಿ ಪಡೆಯುವುದು. ಸಾಧ್ಯವಾದರೆ ಮೂಲಪತ್ರದ ಹಿಂಭಾಗದಲ್ಲಿಯೂ ಷರಾ ಬರೆಯಿಸುವುದು.
2. ಪೂರಾ ತೀರಿದಾಗ ಮೂಲಪತ್ರವನ್ನೂ ಸಾಹುಕಾರನ ವಶದಲ್ಲಿರುವ ಇತರ ಹಕ್ಕುಪತ್ರಗಳನ್ನೂ ಹಿಂದಕ್ಕೆ ಪಡೆಯುವುದು.
3. ಅಡಮಾನವು ರದ್ದಾಯಿತೆಂಬ ಖುಲಾಸೆ ಪತ್ರವನ್ನು ಬರೆಯಿಸಿ ರಿಜಿಸ್ಟರು ಮಾಡಿಸುವುದು. ಹಣ ಸಂದಿತೆಂಬ ಷರಾ ರಿಜಿಸ್ಟರಾಗದಿದ್ದರೂ ನಡೆಯುವುದು. ಅಡಮಾನದ ಹಕ್ಕನ್ನೇ ರದ್ದುಮಾಡುವ ಬರಹಕ್ಕೆ ಷರಾ ಸಾಲದು.
4. ಪಹಣಿಯಲ್ಲಿ ಋಣದ ನಮೂದು ಇದ್ದರೆ ಅದನ್ನು ತೆಗೆಯಿಸುವುದು.
5. ಜಮೀನು ಸಾಹುಕಾರನ ಸ್ವಾಧೀನದಲ್ಲಿದ್ದರೆ, ಅದನ್ನು ಗ್ರಾಮಸ್ಥರ ಸಮಕ್ಷಮ ಹಿಂದಕ್ಕೆ ಪಡೆದು ಬರಹದಲ್ಲಿ ಇಡುವುದು.

ಗ್ರಾಮದ ಮುಖಂಡರು ಸಾಲ ಕೊಡಿಸುವಾಗ ಸಾಕ್ಷಿ ಹಾಕುವಂತೆಯೇ ಸಾಲ ತೀರುವಾಗಲೂ ಮುಂದೆ ನಿಂತು ಈ ಐದು ಕೆಲಸಗಳನ್ನು ನಡೆಯಿಸಿಕೊಟ್ಟರೆ, ಎಷ್ಟೋ ಮನೆತನಗಳು ಕೋರ್ಟಿನ ಖರ್ಚಿನಿಂದ ಉಳಿಯುವುವು. ತೀರಿದ ಸಾಲಕ್ಕಾಗಿ ಜಮೀನನ್ನು ಕಳೆದುಕೊಳ್ಳುವುದಕ್ಕಿಂತ ಕಷ್ಟವಾದ ನಷ್ಟವು ರೈತನಿಗೆ ಮತ್ತೊಂದಿಲ್ಲ.