ಜೋತುಬಿದ್ದ ಕಿವಿ ನಿಮಿರಿದ ಕತೆ

ನಸುಗುನ್ನಿಯನ್ನು ಬಲ್ಲವರು ಅದರ ಹತ್ತಿರ ಸುಳಿಯುವುದಿಲ್ಲ. ಬೇಲಿಗೆ ಹಬ್ಬುವ ಬಳ್ಳಿ, ಗೊಂಚಲಾಗಿ ತೂಗುವ ಡೊಂಕು ಕಾಯಿ, ಕಾಯಿಯ ಮೈತುಂಬ ಮಕಮಲ್ಲಿನಂಥ ಕಂದು ರೋಮ. ಅದು ಒಂದಿಷ್ಟು ಮೈಗೆ ಸೋಕಿದರೆ ಮುಗಿಯಿತು. ಕೆರೆದಷ್ಟೂ ತುರಿಕೆ, ಕೆರೆದಷ್ಟೂ ಉರಿ. ಸೊಪ್ಪು ತರಲು ಹೋಗಿ ಸಿಕ್ಕಿಬಿದ್ದವರು ಸಗಣಿ ಬಳಿದುಕೊಂಡು ಕೂರುತ್ತಿದ್ದರು.

ಇದೇ ಕಾಯಿಯ ಬೀಜವನ್ನು ಆಯುರ್ವೇದ ಕಪಿಕಚ್ಛು ಎಂದು ಕರೆದು ಔಷಧಕ್ಕೆ ಬಳಸಿಕೊಂಡಿದೆ. 1937ರಲ್ಲಿ ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಈ ಬೀಜದಿಂದ ಒಂದು ವಸ್ತುವನ್ನು ಬೇರ್ಪಡಿಸಿ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ವರದಿ ಮಾಡಿದರು. ಅದು ಲೀವೊಡೋಪ. ಇವತ್ತು ಪಾರ್ಕಿನ್ಸನ್ ಕಾಯಿಲೆಯವರ ಮನೆಗಳಲ್ಲಿ ಊಟಕ್ಕೆ ಅರ್ಧ ಗಂಟೆ ಮುಂಚೆ ನೆನಪಿಟ್ಟು ಕೊಡುವ ಗುಳಿಗೆಯ ತಿರುಳು ಅದೇ. ಆದರೆ ನಡುಕದ ಕಾಯಿಲೆಗೆ ಅದನ್ನು ಕೊಟ್ಟು ನೋಡಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದು, ಕೊಟ್ಟು, ಅಳೆದು, ಒಪ್ಪಿಕೊಳ್ಳುವ ಹೊತ್ತಿಗೆ ಮೂವತ್ತು ವರ್ಷ ಸರಿದವು. ಆ ದಾರಿ ತೋರಿಸಿದ್ದು ನಮ್ಮ ನಾಡಿನ ಇನ್ನೊಂದು ಗಿಡ.

ಬೀದಿಯಲ್ಲಿ ಕಂಡ ಕಾಯಿಲೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಪುಟ್ಟ ಪುಸ್ತಕ ಬರೆದಾಗ ಅವನ ಮುಂದಿದ್ದದ್ದು ಆರೇ ಜನ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೇ. ಸುಮ್ಮನಿದ್ದಾಗ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ನಡೆಯಲು ಹೋದರೆ ಓಟಕ್ಕೆ ತಿರುಗುವ ಹೆಜ್ಜೆ. ಇಷ್ಟನ್ನೂ ಅವನು ಕಣ್ಣಲ್ಲೇ ಹಿಡಿದಿಟ್ಟ. ಚಿಕಿತ್ಸೆಯ ಮಾತು ಬಂದಾಗ ಮಾತ್ರ, ಕುತ್ತಿಗೆಯ ಮೇಲ್ಭಾಗದಿಂದ ರಕ್ತ ತೆಗೆಯಿರಿ ಎಂದು ಸೂಚಿಸಿದ. ಕಾಯಿಲೆ ಎಲ್ಲಿ ಕೂತಿದೆಯೆಂದು ಗೊತ್ತಿಲ್ಲದ ಕಾಲ ಅದು.

ಮದ್ದು ಕೂಡ ಗುರುತು ಹೇಳದೆ ಬಂದು ಹೋಗಿತ್ತು. 1913ರಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯ ಮಾರ್ಕಸ್ ಗುಗೆನ್‌ಹೈಮ್ ಒಂದು ಜಾತಿಯ ಅವರೆಯಿಂದ ಲೀವೊಡೋಪ ತೆಗೆದಿದ್ದ. ಏನಾಗುತ್ತದೋ ನೋಡೋಣವೆಂದು ಎರಡೂವರೆ ಗ್ರಾಂ ತಾನೇ ನುಂಗಿದ. ಕರುಳು ಕಿತ್ತುಬರುವ ಹಾಗೆ ವಾಂತಿಯಾಯಿತು. ಮೊಲಗಳ ಮೇಲೂ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಕೆಲಸಕ್ಕೆ ಬಾರದ್ದು ಎಂದು ಅದು ಮೂಲೆ ಸೇರಿತು.

ಕಿತ್ತುಕೊಂಡ ಗಿಡ, ಕೊಟ್ಟ ಗಿಡ

ಇತ್ತ ಸರ್ಪಗಂಧದ ಬೇರು ತನ್ನದೇ ಪ್ರಯಾಣ ಹೊರಟಿತ್ತು. ಬುದ್ಧಿಭ್ರಮಣೆಗೂ ನಿದ್ದೆಗೂ ನಮ್ಮಲ್ಲಿ ಹಿಂದಿನಿಂದ ಕೊಡುತ್ತಿದ್ದ ಬೇರು ಅದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಗುಣವನ್ನು ಆಧುನಿಕ ವೈದ್ಯರ ಗಮನಕ್ಕೆ ತಂದರು. 1949ರಲ್ಲಿ ಮುಂಬಯಿಯ ರುಸ್ತೊಮ್ ಜಾಲ್ ವಕೀಲ್, ರಕ್ತದೊತ್ತಡದ ರೋಗಿಗಳ ಮೇಲಿನ ತಮ್ಮ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸೀಬಾ ಕಂಪನಿ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. ಔಷಧ ಜಗತ್ತಿನಾದ್ಯಂತ ಹರಡಿತು. ಜೊತೆಗೆ ಒಂದು ದೂರೂ ಬಂತು. ಹೆಚ್ಚು ರೆಸರ್ಪಿನ್ ತೆಗೆದುಕೊಂಡ ಕೆಲವರ ಕೈ ನಡುಗುತ್ತಿತ್ತು, ಮೈ ಬಿಗಿಯುತ್ತಿತ್ತು, ಮುಖ ಮರಗಟ್ಟುತ್ತಿತ್ತು. ನೋಡಿದರೆ ಥೇಟ್ ಪಾರ್ಕಿನ್ಸನ್!

ಸ್ವೀಡನ್ನಿನ ಲುಂಡ್ ಊರಿನಲ್ಲಿ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಈ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋತುಹಾಕಿ, ಅಲುಗಾಡದೆ ಕುಕ್ಕರಿಸಿದವು. ಆಮೇಲೆ ಡೋಪ ಚುಚ್ಚಿದರು; ಲೀವೊಡೋಪ ಅದರದೇ ಒಂದು ರೂಪ. ಹದಿನೈದು ನಿಮಿಷದೊಳಗೆ ಕಿವಿ ನಿಮಿರಿತು, ಮೊಲ ಓಡಾಡತೊಡಗಿತು. 1957ರ ಈ ಪ್ರಯೋಗ ಎರಡು ಗಿಡಗಳ ಕತೆಯನ್ನು ಒಂದುಗೂಡಿಸಿತು. ಸರ್ಪಗಂಧದ ಸತ್ವ, ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕದ ದಾಸ್ತಾನನ್ನು ಬರಿದು ಮಾಡುತ್ತದೆ. ನಸುಗುನ್ನಿಯಲ್ಲೂ ಇರುವ ಲೀವೊಡೋಪ ಮೆದುಳಿನೊಳಗೆ ಹೊಕ್ಕು ಡೋಪಮಿನ್ ಆಗಿ ಅದನ್ನು ತುಂಬುತ್ತದೆ. ಡೋಪಮಿನ್ನನ್ನೇ ನೇರವಾಗಿ ಕೊಟ್ಟರೆ ಪ್ರಯೋಜನವಿಲ್ಲ. ರಕ್ತದಿಂದ ಮೆದುಳಿಗೆ ಹೋಗುವ ಗಡಿಯಲ್ಲೇ ಅದಕ್ಕೆ ತಡೆ. ಈ ಕೆಲಸಕ್ಕೆ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪಡೆದರು.

ಮೊಲದ ವಿಷಯವಾಯಿತು, ಮನುಷ್ಯನದು? ವಿಯೆನ್ನಾದ ಓಲೆ ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ನರಳಿ ತೀರಿಕೊಂಡ ಆರು ಜನರ ಮೆದುಳಿನ ತುಣುಕುಗಳನ್ನು ಪರೀಕ್ಷಿಸಿದರು. ರಾಸಾಯನಿಕ ಬೆರೆಸಿದಾಗ ಆ ಕಾಯಿಲೆಯಿಲ್ಲದವರ ಮೆದುಳಿನ ಮಾದರಿ ನಸುಗೆಂಪಿಗೆ ತಿರುಗಿತು. ಪಾರ್ಕಿನ್ಸನ್‌ನವರದು ಬಣ್ಣ ಏರಲೇ ಇಲ್ಲ. ಡೋಪಮಿನ್ ಕೊರತೆ ಬರಿಗಣ್ಣಿಗೇ ಕಂಡಿತು. 1960ರಲ್ಲಿ ಈ ವರದಿ ಹೊರಬಂತು. ಸತ್ತವರ ಮೆದುಳಿಲ್ಲದೆ ಈ ಉತ್ತರ ಸಿಗುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಮನೆಯವರ ಒಪ್ಪಿಗೆಯಿಂದ ಬಂದ ಮೆದುಳುಗಳನ್ನು ಸಂಶೋಧನೆಗೆಂದು ಅಲ್ಲಿ ಕಾಪಿಡುತ್ತಾರೆ.

ಹಾರ್ನಿಕೀವಿಚ್ ವರದಿಯ ಮರುವರ್ಷ, 1961ರಲ್ಲಿ, ವಿಯೆನ್ನಾದಲ್ಲೇ ವಾಲ್ಟರ್ ಬಿರ್ಕ್‌ಮಾಯರ್ ರೋಗಿಗಳ ನರಕ್ಕೆ ಲೀವೊಡೋಪ ಚುಚ್ಚಿದರು. ಹಾಸಿಗೆ ಹಿಡಿದವರು ಎದ್ದು ನಡೆದರು, ಕೆಲವು ಗಂಟೆಗಳ ಮಟ್ಟಿಗೆ. ಬೇರೆ ಕಡೆ ಪ್ರಯತ್ನಿಸಿದವರಲ್ಲಿ ಕೆಲವರಿಗೆ ಫಲ ಕಾಣಲಿಲ್ಲ. ಹೌದು, ಇಲ್ಲ ಎಂಬ ಜಗ್ಗಾಟದಲ್ಲಿ ವರ್ಷಗಳು ಕಳೆದವು.

ಗಂಟು ಬಿಡಿಸಿದ್ದು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದ ಜಾರ್ಜ್ ಕೋಟ್ಸಿಯಾಸ್. 1967ರ ಅವರ ವರದಿಯಲ್ಲಿದ್ದದ್ದು ಹದಿನಾರು ರೋಗಿಗಳು. ಬಾಯಿಯ ಮೂಲಕ, ಕಡಿಮೆ ಪ್ರಮಾಣದಿಂದ ಶುರುಮಾಡಿ, ಮೈಗೆ ಒಗ್ಗಿದಂತೆಲ್ಲ ಏರಿಸುತ್ತ ದಿನಕ್ಕೆ 16 ಗ್ರಾಂವರೆಗೆ ಹೋದರು. ಗುಗೆನ್‌ಹೈಮ್ ಒಂದೇ ಏಟಿಗೆ ನುಂಗಿ ಕಕ್ಕಿದ್ದನ್ನು ಇವರು ವಾರಗಟ್ಟಲೆ ತಾಳ್ಮೆಯಿಂದ ದಕ್ಕಿಸಿದರು. ಅರ್ಧದಷ್ಟು ಜನರಲ್ಲಿ ಎದ್ದುಕಾಣುವ ಚೇತರಿಕೆ. 1970ರಲ್ಲಿ ಅಮೆರಿಕ ಲೀವೊಡೋಪಕ್ಕೆ ಅನುಮತಿ ಕೊಟ್ಟಿತು. ಮೆದುಳು ಮುಟ್ಟುವ ಮೊದಲೇ ಅದು ಡೋಪಮಿನ್ ಆಗದಂತೆ ತಡೆಯುವ ಕಾರ್ಬಿಡೋಪ ಜೊತೆಗೂಡಿದ ಮೇಲೆ ಪ್ರಮಾಣ ಇಳಿಯಿತು, ವಾಂತಿಯೂ ಹತೋಟಿಗೆ ಬಂತು. ಆ ಜೋಡಿ ಗುಳಿಗೆಗೆ ಇಟ್ಟ ಹೆಸರು ಸಿನೆಮೆಟ್. ಲ್ಯಾಟಿನ್ ಮೂಲ ಹಿಡಿದರೆ ‘ವಾಂತಿಯಿಲ್ಲದೆ’.

ಕಣ್ಣು ಕಟ್ಟಿ ನೋಡುವ ವಿದ್ಯೆ

ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ಅಳೆಯಲು ಪರೀಕ್ಷಾ ಕೊಠಡಿಯಲ್ಲಿ ರೋಗಿಗೆ ಹೇಳುವ ಕೆಲಸಗಳು ಸರಳ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಾಗಿಸಿ. ಮುಷ್ಟಿ ಬಿಗಿದು ಬಿಡಿ. ಕುರ್ಚಿಯಿಂದ ಕೈಯೂರದೆ ಏಳಿ. ಕಾಗದದ ಮೇಲೆ ಚಕ್ಕುಲಿಯಂತೆ ಸುರುಳಿ ಬರೆಯಿರಿ. ಮೊದಲ ನಾಲ್ಕು ಸಲ ಅಗಲವಾಗಿ ತೆರೆದ ಬೆರಳು ಐದನೆಯದಕ್ಕೆ ಕಿರಿದಾಗುತ್ತದೆ, ಆರನೆಯದಕ್ಕೆ ತಡವರಿಸುತ್ತದೆ. ವೈದ್ಯರು ಸೊನ್ನೆಯಿಂದ ನಾಲ್ಕರೊಳಗೆ ಅಂಕ ಹಾಕುತ್ತಾರೆ.

ಈ ಅಂಕಕ್ಕೆ ಆಸೆ ಬಹಳ ಬೇಗ ಅಂಟುತ್ತದೆ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಪಾರ್ಕಿನ್ಸನ್ ರೋಗಿಗಳಿಗೆ ಸತ್ವವೇ ಇಲ್ಲದ ಹುಸಿಮದ್ದು ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ಔಷಧ ಬಂದಿದೆಯೆಂಬ ನಿರೀಕ್ಷೆಗೇ ಅವರ ಮೆದುಳು ನಿಜವಾದ ಡೋಪಮಿನ್ ಸುರಿಸಿತ್ತು. ಅದಕ್ಕೇ ಮದ್ದಿನ ಪರೀಕ್ಷೆಯಲ್ಲಿ ಯಾರಿಗೆ ಮದ್ದು, ಯಾರಿಗೆ ಹುಸಿಮದ್ದು ಸಿಕ್ಕಿತೆಂದು ರೋಗಿಗೂ ಗೊತ್ತಿರಬಾರದು, ಅಂಕ ಹಾಕುವವರಿಗೂ ಗೊತ್ತಿರಬಾರದು.

ಇಷ್ಟು ಎಚ್ಚರದ ನಡುವೆಯೂ ಆಸೆ ಕೈಕೊಡುವುದುಂಟು. ಲೀವೊಡೋಪ ಡೋಪಮಿನ್ ಕೊರತೆಯನ್ನು ತುಂಬುತ್ತದೆಯೇ ಹೊರತು ಅದನ್ನು ತಯಾರಿಸುವ ನರಕೋಶಗಳ ಸಾವನ್ನು ತಡೆಯುವುದೆಂದು ತೋರಿಸಲಾಗಿಲ್ಲ. ತಡೆಯುವ ಮದ್ದಿನ ಹುಡುಕಾಟದಲ್ಲಿ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಚುಚ್ಚುಮದ್ದಿನ ಸರದಿಯೂ ಬಂತು. 2017ರ ಸಣ್ಣ ಪರೀಕ್ಷೆಯಲ್ಲಿ ಅದು ಭರವಸೆ ಹುಟ್ಟಿಸಿತು. ಬ್ರಿಟನ್ನಿನಲ್ಲಿ 194 ಮಂದಿಯ ಮೇಲೆ 96 ವಾರ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2025ರಲ್ಲಿ ಬಂದಾಗ, ಹುಸಿಮದ್ದಿಗಿಂತ ಅದು ಹೆಚ್ಚೇನೂ ಮಾಡಿರಲಿಲ್ಲ.

ನಸುಗುನ್ನಿಯನ್ನೂ ಇದೇ ತಕ್ಕಡಿಗೆ ಹಾಕಿದ್ದಾರೆ. ಮುಂಬಯಿಯ ವೈದ್ಯರು 1978ರಲ್ಲೇ ಅದರ ಪುಡಿಯನ್ನು ರೋಗಿಗಳಿಗೆ ಕೊಟ್ಟು ಫಲ ಕಂಡಿದ್ದರು. 2004ರಲ್ಲಿ ಲಂಡನ್ನಿನಲ್ಲಿ ಎಂಟು ಜನರಿಗೆ ಒಮ್ಮೆ ಪುಡಿ, ಒಮ್ಮೆ ಗುಳಿಗೆ, ಯಾವುದೆಂದು ತಿಳಿಸದೆ ಕೊಟ್ಟರು. ಗುಳಿಗೆ ಕೆಲಸ ಶುರುಮಾಡಲು ಒಂದು ಗಂಟೆಗೂ ಮಿಕ್ಕಿ ಹಿಡಿದರೆ 30 ಗ್ರಾಂ ಪುಡಿಗೆ ಸುಮಾರು 35 ನಿಮಿಷ ಸಾಕಾಯಿತು; ಅದರ ಪರಿಣಾಮ ಉಳಿದದ್ದೂ ಹೆಚ್ಚು ಹೊತ್ತು. ಆದರೆ ಗುಳಿಗೆಗೆ ದುಡ್ಡಿಲ್ಲದ ರೋಗಿಗಳನ್ನು ಮನಸ್ಸಿನಲ್ಲಿಟ್ಟು ಬೊಲಿವಿಯಾದಲ್ಲಿ ಪುಡಿಯನ್ನೇ ದಿನವೂ ಕೊಟ್ಟು ನೋಡಿದಾಗ, ಹದಿನಾಲ್ಕು ಜನರಲ್ಲಿ ಏಳು ಮಂದಿ ಮಧ್ಯದಲ್ಲೇ ಬಿಟ್ಟರು. ಹೊಟ್ಟೆಯ ತೊಂದರೆಯೇ ದೊಡ್ಡ ತಲೆನೋವಾಗಿತ್ತು. ನೂರು ವರ್ಷದ ಹಿಂದಿನ ಗುಗೆನ್‌ಹೈಮ್ ನೆನಪಾಗದಿರುವುದಿಲ್ಲ.

ಆದ್ದರಿಂದ ‘ಗಿಡಮೂಲಿಕೆ ತಾನೆ, ಏನಾಗುತ್ತೆ’ ಎಂದು ಗುಳಿಗೆಯ ಮೇಲೆ ಪುಡಿಯನ್ನೂ ಸೇರಿಸಿಕೊಳ್ಳುವವರು ಡಾಕ್ಟರಿಗೆ ಒಂದು ಮಾತು ಹೇಳಲೇಬೇಕು. ಎರಡರಲ್ಲೂ ಇರುವುದು ಒಂದೇ ಔಷಧ. ಗುಳಿಗೆಯ ಹಾಳೆಯ ಮೇಲೆ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಬೇಲಿಯ ಮೇಲಿನ ಕಾಯಿಗೆ ಯಾರೂ ಚೀಟಿ ಅಂಟಿಸಿರುವುದಿಲ್ಲ.