ಒಂದೇ ಕೋಶ: ಭ್ರೂಣಕ್ಕೂ ಸೈ, ಕಟ್ಟಿಗೆಗೂ ಸೈ

ಹೂವಿನ ಗಂಡು-ಹೆಣ್ಣು ಲಿಂಗಾಣುಗಳು ಕೂಡಿದ ಮೇಲೆ ಬೀಜದೊಳಗೆ ಭ್ರೂಣ ಮೂಡುತ್ತದೆ. ಆದರೆ ಬೇರು, ಕಾಂಡಗಳ ಸಾಮಾನ್ಯ ಜೀವಕೋಶವೂ ತಕ್ಕ ಪೋಷಣೆ ಸಿಕ್ಕರೆ ಭ್ರೂಣವಾಗಬಲ್ಲದು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಹ್ಯಾಬರ್‌ಲಾಂಟ್ 1902ರಲ್ಲೇ ಹೀಗೆಂದು ಊಹಿಸಿದ್ದರು. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಮತ್ತು ಜರ್ಮನಿಯ ರೈನರ್ಟ್ ಬೇರೆ ಬೇರೆಯಾಗಿ ಕ್ಯಾರೆಟ್ ಕೋಶಗಳಲ್ಲಿ ಅದನ್ನು ಕಂಡರು.

ಕ್ಯಾರೆಟ್ಟಿನ ಚೂರನ್ನು ಸಕ್ಕರೆ, ಲವಣ, ವಿಟಮಿನ್‌ಗಳ ಜೊತೆಗೆ ಆಕ್ಸಿನ್ ಎಂಬ ಹಾರ್ಮೋನು ಬೆರೆತ ಪೋಷಕದಲ್ಲಿ ಇಟ್ಟರೆ ಕೋಶಗಳು ತಮ್ಮ ಮೊದಲಿನ ಕೆಲಸ ಮರೆತು ವಿಭಜನೆಯಾಗುತ್ತ ಹೋಗಿ, ರೂಪವಿಲ್ಲದ ಮುದ್ದೆಯಾಗುತ್ತವೆ. ಇದೇ ಕ್ಯಾಲಸ್. ಇದನ್ನು ಆಕ್ಸಿನ್ ಇಲ್ಲದ ದ್ರವಕ್ಕೆ ಬದಲಿಸಿದಾಗ ಭ್ರೂಣಗಳು ಏಳುತ್ತವೆ. ಮೊದಲು ದುಂಡನೆಯ ಉಂಡೆ. ಎರಡು ಬೀಜದಳಗಳು ಚಿಗುರಿದಾಗ ಹೃದಯದ ಆಕಾರ. ನಂತರ ಉದ್ದಕ್ಕೆ ಬೆಳೆದು ಟಾರ್ಪಿಡೊ ಆಕಾರ. ಬೀಜದೊಳಗಿನ ಭ್ರೂಣ ಹಾಯುವ ಹಂತಗಳೂ ಇವೇ. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಶ್ರೀಗಂಧದ ಕ್ಯಾಲಸ್‌ನಿಂದ ಭ್ರೂಣಗಳನ್ನೂ ಸಸಿಗಳನ್ನೂ ಪಡೆದರು.

ಟಾರ್ಪಿಡೊ ಹಂತದ ಹೊತ್ತಿಗೆ ಭ್ರೂಣದ ನಡುವೆ ನೀಳ ಕೋಶಗಳ ಎಳೆಯೊಂದು ಕಾಣುತ್ತದೆ. ಮುಂದೆ ನೀರು ಸಾಗಿಸುವ ಕ್ಸೈಲಮ್ ಹುಟ್ಟುವುದು ಇಲ್ಲಿಂದಲೇ. ಮರದ ಕಟ್ಟಿಗೆಯೆಲ್ಲ ಕ್ಸೈಲಮ್ಮೇ. ಕಾಂಡದ ಆಳದಲ್ಲಿ ನಡೆಯುವ ಅದರ ಹುಟ್ಟನ್ನು ಕಣ್ಣಾರೆ ಕಾಣಲು ನೆರವಾದದ್ದು ತೋಟದ ಜಿನಿಯಾ ಗಿಡ. ಜಪಾನಿನ ಫುಕುಡಾ ಮತ್ತು ಕೊಮಾಮಿನೆ 1980ರಲ್ಲಿ ಅದರ ಎಲೆಯ ಕೋಶಗಳಿಂದ ಇದನ್ನು ಕಾಣುವ ವಿಧಾನವನ್ನು ನೆಲೆಗೊಳಿಸಿದರು.

ಜಿನಿಯಾ ಸಸಿಯ ಮೊದಲ ಎಲೆಗಳನ್ನು ಮೆಲ್ಲಗೆ ಅರೆದರೆ ಹಸಿರು ಕೋಶಗಳು ಬಿಡಿಬಿಡಿಯಾಗಿ ದ್ರವದಲ್ಲಿ ತೇಲುತ್ತವೆ. ಆಕ್ಸಿನ್ ಜೊತೆಗೆ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಕೊಟ್ಟರೆ ಸುಮಾರು ಮೂರು ದಿನಗಳಲ್ಲಿ ಅವುಗಳಲ್ಲಿ ಹಲವು ಕ್ಸೈಲಮ್ ಕೋಶಗಳಾಗುತ್ತವೆ. ಕೆಲವಂತೂ ಒಮ್ಮೆಯೂ ವಿಭಜನೆಯಾಗದೆ ನೇರವಾಗಿ. ಸೂಕ್ಷ್ಮದರ್ಶಕದಡಿ ನೋಡಿದರೆ ಕೋಶಭಿತ್ತಿಯ ಒಳಮೈಗೆ ಸೆಲ್ಯುಲೋಸಿನ ದಪ್ಪ ಪಟ್ಟಿಗಳು ಬಳೆಯಂತೆ, ಸುರುಳಿಯಂತೆ, ಬಲೆಯಂತೆ ಕೂಡಿಕೊಂಡಿರುತ್ತವೆ. ಆಮೇಲೆ ಕೋಶದೊಳಗಿನ ರಸದ ಚೀಲವಾದ ರಸದಾನಿ ಒಡೆಯುತ್ತದೆ. ಅದರಿಂದ ಹೊರಬಿದ್ದ ಕಿಣ್ವಗಳು ಕೋಶಕೇಂದ್ರ ಸಮೇತ ಒಳಗಿನದನ್ನೆಲ್ಲ ಕರಗಿಸಿ, ಕೋಶವನ್ನು ಪೊಳ್ಳು ಕೊಳವೆಯಾಗಿಸುತ್ತವೆ. ಸತ್ತ ಈ ಕೋಶದ ಗೋಡೆಗೆ ಲಿಗ್ನಿನ್ ತುಂಬಿ ಗಟ್ಟಿಗೊಳಿಸುವ ಕೆಲಸಕ್ಕೆ ಸುತ್ತಲಿನ ಜೀವಂತ ಕೋಶಗಳು ಹೆಗಲು ಕೊಡುತ್ತವೆ.

ಇದೇ ವಿಧಾನದಿಂದ ಎರಡು ಸಂಕೇತಗಳು ಬೆಳಕಿಗೆ ಬಂದವು. 2004ರಲ್ಲಿ ವರದಿಯಾದ ಕ್ಸೈಲೊಜೆನ್ ನೆರೆಯ ಕೋಶಗಳನ್ನು ಕ್ಸೈಲಮ್ ಆಗಲು ಪ್ರೇರೇಪಿಸುತ್ತದೆ. 2006ರಲ್ಲಿ ವರದಿಯಾದ, ಬರೀ 12 ಅಮೈನೊ ಆಮ್ಲಗಳ ಪೆಪ್ಟೈಡ್ ಒಂದು ಅದನ್ನು ತಡೆಯುತ್ತದೆ. ಎಲ್ಲ ಕೋಶಗಳೂ ಒಮ್ಮೆಗೇ ಕಟ್ಟಿಗೆಯಾದರೆ ಕಾಂಡ ದಪ್ಪಗಾಗಲು ಕೋಶಗಳೇ ಉಳಿಯುವುದಿಲ್ಲ. ವಿಭಜನೆಯಾಗಬಲ್ಲ ಕೋಶಗಳನ್ನು ಕಾದಿಡುವುದು ಈ ತಡೆಯೇ.